ಕುರ್ಚಿ ನೋಡುವ ಶಾಸ್ತ್ರ

ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವಳು. ಗೋಡೆಗೆ ತೂಗುಹಾಕುವ ನಕ್ಷೆಗಳನ್ನು ಬಿಚ್ಚಿ, ಮತ್ತೆ ಸುತ್ತಿ ಕಪಾಟಿನ ಮೇಲಿಡುವುದರಲ್ಲೇ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಆ ಯಾವ ನಕ್ಷೆಯಲ್ಲೂ ನಮ್ಮೂರು ಇಲ್ಲ. "ಮಿಸ್, ನಮ್ಮೂರೆಲ್ಲಿ?" ಎಂದು ಮಕ್ಕಳು ಕೇಳಿದರೆ, "ನೀನು ಕೂತಿದ್ದೀಯಲ್ಲ, ಅಲ್ಲೇ" ಎಂದು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇನೆ. ಊರು ಎಲ್ಲಿದೆ ಎಂದು ಹೇಳಲು ನನಗೆ ಬಾರದು. ನನ್ನ ತಂಗಿ ಮಂದಾಕಿನಿ ಈ ಊರಿನಲ್ಲಿ ಒಂದು ಒಳ್ಳೆಯ ಆಫೀಸು ಹುಡುಕಿದ ಕಥೆಯನ್ನು ಮಾತ್ರ ಹೇಳಬಲ್ಲೆ. ಹುಡುಕಿದ್ದು ಸಿಕ್ಕಿತ್ತು. ಕೈಯಾರೆ ಬಿಟ್ಟು ಬಂದೆವು. ಅದೇ ಈಗಲೂ ಹೊಟ್ಟೆಯಲ್ಲಿ ಕೂತು ಚುಚ್ಚುತ್ತದೆ.

ಬೇರೆ ಕಡೆ ಹೆಣ್ಣು ನೋಡಲು ಹೋಗುವಂತೆ ನಮ್ಮೂರಲ್ಲಿ ಕುರ್ಚಿ ನೋಡಲು ಹೋಗುತ್ತಾರೆ. ಕೆಲಸ ಸಿಕ್ಕಿತು ಎಂದಾದ ಮೇಲೆ, ಒಪ್ಪಿಕೊಳ್ಳುವ ಮೊದಲು, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಆಫೀಸಿಗೆ ಹೋಗಬೇಕು. ಅವರು ಖಾಲಿಯಿರುವ ಕುರ್ಚಿಯನ್ನು ತೋರಿಸುತ್ತಾರೆ. ಕೂರಬೇಕು. ಅದರಲ್ಲಿ ಮೊದಲು ಕೂತು ದುಡಿದವರ ಮನಸ್ಸು ಹೊಸಬರಿಗೆ ಮೆಲ್ಲಗೆ ಹತ್ತುತ್ತದೆ. ಭಯವಿದ್ದರೆ ಭಯ, ಬೇಜಾರಿದ್ದರೆ ಬೇಜಾರು. ಯಾರಿಗೆ ಏನಾಗಿತ್ತು ಎಂಬುದು ತಿಳಿಯುವುದಿಲ್ಲ, ಮನಸ್ಸಿನ ತೂಕ ಮಾತ್ರ ತಿಳಿಯುತ್ತದೆ. ಜೊತೆಗೆ ಹೋದವರು ಕೂರುವಂತಿಲ್ಲ, ಕೂತವರ ಮುಖ ನೋಡುತ್ತ ನಿಂತಿರಬೇಕು. ಇನ್ನೊಂದು ಕಟ್ಟುಪಾಡಿದೆ. ಈ ಕುರ್ಚಿ ಯಾರದಾಗಿತ್ತು ಎಂದು ಹೋದವರು ಕೇಳಬಾರದು, ಆಫೀಸಿನವರು ಹೇಳಬಾರದು. ಕೇಳಿದರೆ ಕಂಡವರ ಮನೆಯ ಬೀರು ತೆಗೆದು ನೋಡಿದಷ್ಟು ಅಸಹ್ಯ.

ಎಲ್ಲ ಕುರ್ಚಿಗಳೂ ಹೀಗೆ ಅಂಟಿಸಿಕೊಳ್ಳುವುದಿಲ್ಲ. ಬಸ್ಸಿನ ಸೀಟು, ಕ್ಷೌರದ ಅಂಗಡಿಯ ಕುರ್ಚಿ ಇವಕ್ಕೆ ಬಂದು ಹೋಗುವವರು ಜಾಸ್ತಿ, ಯಾರ ಮನಸ್ಸೂ ನಿಲ್ಲುವುದಿಲ್ಲ. ನಮ್ಮ ಹೆಡ್‌ಮಾಸ್ಟರ ಕುರ್ಚಿಯಲ್ಲಿ ಯಾರು ಕೂತರೂ ಆಕಳಿಕೆ ಬರುತ್ತದೆ, ಅದು ಊರಿಗೇ ಗೊತ್ತು. ಹೊಸದಾಗಿ ಕೊಂಡ ಕುರ್ಚಿ ಏನೂ ಹೇಳುವುದಿಲ್ಲ. ಹಾಗಾಗಿ ಇದ್ದಕ್ಕಿದ್ದಂತೆ ಎಲ್ಲ ಕುರ್ಚಿಗಳನ್ನೂ ಹೊಸದು ಮಾಡಿಸಿದ ಆಫೀಸನ್ನು ಕಂಡರೆ ಜನ ಹುಬ್ಬೇರಿಸುತ್ತಾರೆ. ಒಂದು ಕಂಪನಿಯವರು ಜೀರ್ಣಶಕ್ತಿ ಚೆನ್ನಾಗಿರುವ ತಾತಂದಿರನ್ನು ಹುಡುಕಿ ತಂದು, ಮಧ್ಯಾಹ್ನ ಹೋಳಿಗೆ ಊಟ ಹಾಕಿಸಿ, ಕುರ್ಚಿಗಳಲ್ಲಿ ತೂಕಡಿಸಲು ಬಿಟ್ಟಿದ್ದರಂತೆ. ಕುರ್ಚಿ ನೋಡಲು ಬಂದ ಹುಡುಗರಿಗೆಲ್ಲ ನಿದ್ದೆ ಬಂದು ಗುಟ್ಟು ರಟ್ಟಾಯಿತು.

ನಮ್ಮಮ್ಮನಿಗೆ ಈ ಕುರ್ಚಿಗಳ ಸಹವಾಸವೇ ಬೇಡ. ಜೀವಮಾನವಿಡೀ ಅಡುಗೆಮನೆಯ ಹೊಸ್ತಿಲ ಪಕ್ಕ ಒಂದು ಮಣೆ ಹಾಕಿಕೊಂಡು ಕೂತವಳು. ಸೊಂಟ ಹಿಡಿದಾಗ ನಾನು ಕುರ್ಚಿ ಎಳೆದುಕೊಟ್ಟರೆ, "ನನ್ನ ಮನಸ್ಸು ನನ್ನ ಹತ್ರಾನೇ ಇರ್ಲಿ ಬಿಡೇ. ನಾನು ಹೋದ್ಮೇಲೆ ನೀವಿಬ್ರೂ ಅದರ ಮೇಲೆ ಕೂತ್ಕೊಂಡು ಮೂಗು ಒರೆಸ್ಕೊಳ್ಳೋದು ಬೇಡ" ಅನ್ನುತ್ತಿದ್ದಳು. ಮಣೆಗೆ ಏನೂ ಅಂಟುವುದಿಲ್ಲ.

ಮಂದಾಳದು ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ಚಿಕ್ಕವಳಿದ್ದಾಗ ನನ್ನ ಸಾರಿನಲ್ಲಿ ಉಪ್ಪು ಹೆಚ್ಚು ಕಡಿಮೆ ಹೇಳುತ್ತಿದ್ದವಳಿಗೆ ಅದು ಒಪ್ಪುವಂಥದ್ದೇ. ಕಾಲೇಜು ಮುಗಿಸಿ ಮೊದಲು ಸೇರಿದ ಕಂಪನಿ ಆಗತಾನೆ ಶುರುವಾಗಿದ್ದು, ಕುರ್ಚಿಗಳೂ ಹೊಸವು. ಒಳಗೆ ಏನಿದೆ ಎಂದು ತಿಳಿಯುವ ದಾರಿಯಿರಲಿಲ್ಲ. ಅಲ್ಲಿಯ ಮೇಲಧಿಕಾರಿ ಬಾಯಿ ತೆಗೆದರೆ ಬೈಗುಳ. ಎಲ್ಲರೆದುರು ನಿಲ್ಲಿಸಿ ಮರ್ಯಾದೆ ತೆಗೆಯುತ್ತಿದ್ದ. ನನ್ನ ತಂಗಿಯ ಹೆಗಲು ಯಾವಾಗಲೂ ಕಿವಿಯ ಹತ್ತಿರಕ್ಕೆ ಏರಿರುತ್ತಿತ್ತು, ನಿದ್ದೆಯಲ್ಲೂ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಿದ್ದಳು. ಕಡೆಗೊಂದು ದಿನ ಊಟದ ತಟ್ಟೆಯ ಮುಂದೆ ಕೂತವಳು ತುತ್ತನ್ನು ಬಾಯಿಗೆ ಹಾಕದೆ ಹೇಳಿದಳು:

"ಬಿಟ್ಬಿಡ್ತೀನಿ ಅಕ್ಕ. ಸಂಬಳ ಕಮ್ಮಿ ಆದ್ರೂ ಪರವಾಗಿಲ್ಲ. ಕೂತಾಗ ಎದೆ ಡವಡವ ಅನ್ನದಿರೋ ಒಂದು ಜಾಗ ಬೇಕು ನಂಗೆ, ಅಷ್ಟೇ."

"ಹಾಗಾದ್ರೆ ಮನೇಲೇ ಕೂತ್ಕೋ. ನನ್ನ ಮಣೆ ಬಿಟ್ಕೊಡ್ತೀನಿ" ಎಂದಳು ಅಮ್ಮ. ತಮಾಷೆಗೆ ಹೇಳಿದ್ದು. ಆದರೆ ಹೇಳಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಹಾಗೆ ನಾವು ಕುರ್ಚಿ ನೋಡಲು ಹೊರಟೆವು. ಎಷ್ಟೋ ನೋಡಿದೆವು. ಒಂದು ಕಡೆ ಕೂತ ತಕ್ಷಣ ಮಂದಾಳ ಹಣೆಯಲ್ಲಿ ಬೆವರೊಡೆಯಿತು. ಇನ್ನೊಂದು ಕಡೆ ಅವಳು ಹಲ್ಲು ಕಚ್ಚಿ ಎದ್ದವಳು ಬಸ್ ಸ್ಟ್ಯಾಂಡಿನ ತನಕ ಸುಮ್ಮಸುಮ್ಮನೆ ನನ್ನ ಮೇಲೆ ರೇಗುತ್ತಲೇ ಬಂದಳು, ಯಾರದೋ ಸಿಟ್ಟು ಇವಳ ತಲೆಗೇರಿ. ಕೊನೆಗೆ ಉಳಿದದ್ದು ಎರಡು ಜಾಗ.

ಮೊದಲನೆಯದು ಹಳೇ ಐಸ್ ಫ್ಯಾಕ್ಟರಿಯಲ್ಲಿತ್ತು. ಐಸ್ ಮಾಡುವುದು ನಿಂತು ಎಷ್ಟೋ ಕಾಲವಾಗಿದ್ದರೂ ಗೋಡೆಗಳು ಇನ್ನೂ ತಣ್ಣಗಿದ್ದವು. ಆಸ್ಪತ್ರೆಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ. ಯಜಮಾನಿಯ ಹೆಸರು ಸರ್ವಮಂಗಳಾ, ಐವತ್ತರ ಆಸುಪಾಸಿನ ಹೆಂಗಸು, ಹತ್ತಿಯ ಸೀರೆ, ಕಾಲಿಗೆ ಹವಾಯಿ ಚಪ್ಪಲಿ. ನಾವು ಹೋದಾಗ ಆಕೆಯ ಟೇಬಲ್ಲಿನ ಮುಂದೆ ಒಬ್ಬ ಹುಡುಗಿ ನಿಂತು, "ಇಲ್ಲ ಮೇಡಂ, ನೀವು ಹೇಳಿದ ತಾರೀಕಿಗೆ ಆಗಲ್ಲ, ಖಂಡಿತಾ ಆಗಲ್ಲ" ಎಂದು ದನಿಯೇರಿಸಿ ವಾದಿಸುತ್ತಿದ್ದಳು. ಸರ್ವಮಂಗಳಾ ಕೇಳಿಸಿಕೊಂಡು, ತಲೆ ಕೆರೆದುಕೊಂಡು, "ಆಯ್ತು ಮಾರಾಯ್ತಿ, ನಾನೇ ಅವರಿಗೆ ಫೋನ್ ಮಾಡಿ ಬೈಸ್ಕೋತೀನಿ" ಎಂದರು. ಎಲ್ಲರೂ ನಕ್ಕರು. ಆಮೇಲೆ ಅವರೇ ಎದ್ದು ಹೋಗಿ ನಮಗೆ ಸ್ಟೀಲ್ ಲೋಟದಲ್ಲಿ ಟೀ ತಂದುಕೊಟ್ಟರು.

ಕುರ್ಚಿ ಗೋಡೆಯ ಪಕ್ಕದಲ್ಲಿತ್ತು. ಕೈಹಿಡಿಯ ರೆಕ್ಸಿನ್ ಸವೆದು ಬಟ್ಟೆ ಕಾಣುತ್ತಿತ್ತು. "ನಾನೇನೂ ಹೇಳಲ್ಲಮ್ಮ. ಕೂತು ನೋಡಿ" ಎಂದು ಸರ್ವಮಂಗಳಾ ಪಕ್ಕಕ್ಕೆ ಸರಿದರು. ಮಂದಾ ಕೂತಳು. ನಾನು ಶಾಸ್ತ್ರದ ಪ್ರಕಾರ ಎದುರಿಗೆ ನಿಂತು ಅವಳ ಮುಖ ನೋಡುತ್ತಿದ್ದೆ. ಮೊದಲು ಅವಳ ಗಲ್ಲ ನಡುಗಿತು. ಆಮೇಲೆ ಕಣ್ಣಿಂದ ನೀರು ಇಳಿಯಿತು, ಒಂದೇ ಸಮನೆ. ಅವಳು ಬಿಕ್ಕಲಿಲ್ಲ, ತಡೆಯಲೂ ನೋಡಲಿಲ್ಲ. ನನಗೇ ನೋಡಲಾಗದೆ ತೋಳು ಹಿಡಿದು ಎಬ್ಬಿಸಿದೆ. ಸರ್ವಮಂಗಳಾ ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಅವರ ಮುಖದಲ್ಲಿದ್ದದ್ದು ನಾಚಿಕೆಯಾಗಿರಲಿಲ್ಲ ಎಂದು ಈಗ ನನಗೆ ಗೊತ್ತು.

ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತೆವು. ಮಂದಾ ಲೋಟ ಹಿಡಿದುಕೊಂಡೇ ಇದ್ದಳು, ಕುಡಿಯಲಿಲ್ಲ.

"ಯಾರೋ ದಿನಾ ಅತ್ತಿದಾರೆ ಅಕ್ಕ ಅಲ್ಲಿ. ದಿನಾ. ಆದ್ರೆ ಒಂದು ವಿಚಿತ್ರ, ಭಯ ಇರ್ಲಿಲ್ಲ. ಒಂಚೂರೂ ಭಯ ಇಲ್ಲ, ಬರೀ ದುಃಖ."

"ದುಃಖ ಏನು ಕಮ್ಮೀನಾ? ಒಂದು ನರಕದಿಂದ ಎದ್ದು ಇನ್ನೊಂದಕ್ಕೆ ಹೋಗ್ತೀಯಾ?"

"ಆ ಮೇಡಂ ಒಳ್ಳೆಯವರ ಥರ ಕಾಣ್ತಾರೆ."

"ಬಂದವರ ಮುಂದೆ ಯಾರು ಒಳ್ಳೆಯವರಲ್ಲ ಹೇಳು?"

"ಹೌದು, ಕುರ್ಚಿ ಸುಳ್ಳು ಹೇಳಲ್ಲ" ಎಂದಳು. ನಮ್ಮೂರಲ್ಲಿ ಎಲ್ಲರೂ ಹೇಳುವ ಮಾತು ಅದು. ಬೇರೆ ಊರಿನವರಾಗಿದ್ದರೆ ಕಣ್ಣಿಗೆ ಕಂಡದ್ದನ್ನು ನಂಬುತ್ತಿದ್ದರು. ಮೇಲಿನವರಿಗೆ ಎದುರು ಮಾತಾಡಿದ ಹುಡುಗಿ, ಆ ನಗು, ಆಕೆಯೇ ತಂದುಕೊಟ್ಟ ಟೀ, ಸಂಜೆಯಾಗುತ್ತಲೇ ಒಬ್ಬೊಬ್ಬರಾಗಿ ಬ್ಯಾಗು ಹೆಗಲಿಗೇರಿಸಿ ಹೊರಟದ್ದು, ಎಲ್ಲವೂ ನಮ್ಮ ಮುಂದೆಯೇ ಇತ್ತು. ನಾವು ನೋಡಿದೆವು, ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಎರಡನೆಯದು ನೀಲಿ ಕಟ್ಟಡ. ದೊಡ್ಡ ಕಂಪನಿ, ಒಳಗೆ ನಡೆದರೆ ಚಪ್ಪಲಿಯ ಸದ್ದೂ ಕೇಳಿಸದಂಥ ನೆಲ. ಸಾತ್ವಿಕ್ ಎಂಬ ಎಚ್‌ಆರ್ ಹುಡುಗ ನಮ್ಮನ್ನು ಬರಮಾಡಿಕೊಂಡ. ಮಾತು ಬೆಣ್ಣೆ, ಯಾರೊಬ್ಬರ ದನಿಯೂ ಅಲ್ಲಿ ಏರುತ್ತಿರಲಿಲ್ಲ. ಮಂದಾ ಕುರ್ಚಿಯಲ್ಲಿ ಕೂತಳು. ಅವಳ ಹೆಗಲು ಮೆಲ್ಲಗೆ ಕಿವಿಯಿಂದ ಇಳಿದು ತನ್ನ ಜಾಗಕ್ಕೆ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ವರ್ಷಗಳ ಮೇಲೆ ನನ್ನ ತಂಗಿಗೆ ಕುತ್ತಿಗೆಯಿದೆ ಎಂದು ನೆನಪಾಯಿತು.

"ಹಗುರ ಅಕ್ಕ" ಎಂದಳು. "ಬೆಳಿಗ್ಗೆ ತಿಂಡಿ ತಿಂದು ಕಿಟಕಿ ಹತ್ರ ಸುಮ್ಮನೆ ನಿಂತಿರ್ತೀವಲ್ಲ, ಹಾಗಿದೆ."

ಕಿಟಕಿಯ ಉದ್ದಕ್ಕೂ ಎದೆಮಟ್ಟದ ಟೇಬಲ್ಲುಗಳ ಸಾಲೊಂದಿತ್ತು. ಅವಕ್ಕೆ ಕುರ್ಚಿಗಳಿರಲಿಲ್ಲ. ನಾಲ್ಕಾರು ಜನ ಅಲ್ಲಿ ನಿಂತುಕೊಂಡೇ ಕೆಲಸ ಮಾಡುತ್ತಿದ್ದರು, ನಮ್ಮ ಕಡೆಗೆ ಬೆನ್ನು ಹಾಕಿ. ಇದೇನಪ್ಪ ಎಂದು ಕೇಳಿದೆ.

"ಬೆನ್ನಿಗೆ ಒಳ್ಳೇದು ಮೇಡಂ" ಎಂದ ಸಾತ್ವಿಕ್. ನನಗೂ ಬೆನ್ನುನೋವಿದ್ದದ್ದರಿಂದ ಎಂಥ ಮುತುವರ್ಜಿ ಎಂದುಕೊಂಡೆ.

ಮಂದಾ ಅಲ್ಲಿ ಸೇರಿದಳು. ಅಮ್ಮ ಅಂದು ಗಸಗಸೆ ಪಾಯಸ ಮಾಡಿದಳು. ಶುರುವಿನಲ್ಲಿ ಎಲ್ಲವೂ ಚೆನ್ನಾಗಿತ್ತು. ಮಂದಾ ರಾತ್ರಿ ಕಾಲು ಚಾಚಿ ಮಲಗತೊಡಗಿದಳು, ಕುಕ್ಕರಿನ ಕೂಗಿಗೆ ಹೆದರುವುದು ನಿಂತಿತು. ನೀಲಿ ಕಟ್ಟಡದಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಬಾಗಿಲಲ್ಲಿ ಒಬ್ಬರು ನಿಂತು, "ಇವತ್ತು ಮನಸ್ಸು ಹೇಗಿದೆ?" ಎಂದು ನಗುಮುಖದಿಂದ ವಿಚಾರಿಸುತ್ತಿದ್ದರು. "ನೋಡು, ಎಷ್ಟು ಕಾಳಜಿ" ಎಂದು ನಾನು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ಬಂದೆ. ನಮ್ಮ ಹೆಡ್‌ಮಾಸ್ಟರು ನನ್ನ ಮನಸ್ಸು ಹೋಗಲಿ, ನನ್ನ ಹೆಸರನ್ನೂ ಸರಿಯಾಗಿ ಕೇಳಿದವರಲ್ಲ.

ಒಂದು ದಿನ ಉಪ್ಪಿಟ್ಟು ಗಂಟಾಯಿತೆಂದು ಅಮ್ಮನಿಗೂ ಮಂದಾಳಿಗೂ ಜಗಳವಾಯಿತು. ಮುಖ ಊದಿಸಿಕೊಂಡೇ ಆಫೀಸಿಗೆ ಹೋದ ಮಂದಾ ಬಾಗಿಲಲ್ಲಿ ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಮನಸ್ಸು ಸರಿಯಿಲ್ಲ ಅಂತ. "ಪರವಾಗಿಲ್ಲ, ಹೇಳಿದ್ದು ಒಳ್ಳೇದಾಯ್ತು" ಎಂದು ಅವಳನ್ನು ಕಿಟಕಿಯ ಪಕ್ಕದ ಎತ್ತರದ ಟೇಬಲ್ಲಿಗೆ ಕರೆದುಕೊಂಡು ಹೋದರು. ಸಂಜೆಯವರೆಗೂ ನಿಂತೇ ಇದ್ದಳು. ಊದಿದ ಪಾದಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು ಅವಳು ಅದನ್ನು ಹೇಳಿದಾಗ ನಮಗೆ ವಿಷಯ ಅರ್ಥವಾಯಿತು. ಆ ಟೇಬಲ್ಲುಗಳು ಬೆನ್ನಿಗಾಗಿ ಇರಲಿಲ್ಲ. ಮನಸ್ಸು ಕೆಟ್ಟವರು ಕುರ್ಚಿಯಲ್ಲಿ ಕೂತು ಕುರ್ಚಿಯನ್ನು ಕೆಡಿಸಬಾರದು, ಮುಂದೆ ನೋಡಲು ಬರುವವರಿಗೆ ಕುರ್ಚಿ ಹಗುರವಾಗಿ ಸಿಗಬೇಕು. ಅದಕ್ಕೇ ಅಲ್ಲಿ ದುಃಖ ಬಂದವರು ನಿಲ್ಲಬೇಕು.

"ಸುಳ್ಳು ಹೇಳಿಬಿಡು. ಚೆನ್ನಾಗಿದೀನಿ ಅನ್ನು" ಎಂದೆ.

"ಆಗಲ್ಲ ಅಕ್ಕ. ಎಲ್ಲರೂ ಹೋದ್ಮೇಲೆ ಸಾತ್ವಿಕ್ ಒಂದೊಂದೇ ಕುರ್ಚೀಲಿ ಕೂತು ನೋಡ್ತಾನೆ."

ಆಗಲೇ ಬಿಡಿಸಬೇಕಿತ್ತು. ಆದರೆ ಅಲ್ಲಿ ಯಾರೂ ಬೈಯುತ್ತಿರಲಿಲ್ಲವಲ್ಲ! ಬೈಗುಳ ತಿಂದು ಬಂದವರಿಗೆ ಬೈಯದಿರುವುದೇ ದೊಡ್ಡ ಉಪಕಾರವಾಗಿ ಕಾಣುತ್ತದೆ. ಮಂದಾ ಒಂದು ಉಪಾಯ ಕಂಡುಕೊಂಡಳು. ಬಸ್ಸಿನಲ್ಲಿ ಹೋಗುವಾಗಲೇ ಮನಸ್ಸನ್ನು ಖಾಲಿ ಮಾಡಿಕೊಳ್ಳುವುದು. ಯಾವುದನ್ನೂ ಒಳಗೆ ಬಿಟ್ಟುಕೊಳ್ಳದಿರುವುದು. ಅಲ್ಲಿ ಕೂತವರೆಲ್ಲ ಮಾಡುತ್ತಿದ್ದದ್ದು ಅದನ್ನೇ ಎಂದು ಆಮೇಲೆ ತಿಳಿಯಿತು. ದಿನ ಕಳೆದಂತೆ ಅದು ಅವಳಿಗೆ ಎಷ್ಟು ರೂಢಿಯಾಯಿತೆಂದರೆ ಮನೆಗೆ ಬಂದರೂ ಬಿಡಲಿಲ್ಲ. ಅಮ್ಮ ಪಕ್ಕದ ಮನೆಯಾಕೆಯ ನಡಿಗೆಯನ್ನು ಅಣಕಿಸಿ ತೋರಿಸಿದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮಂದಾ ನೋಡುತ್ತಿದ್ದಳು, ಅಷ್ಟೇ.

"ಇವಳೇನೇ ಹೀಗಾದ್ಲು?" ಎಂದು ಅಮ್ಮ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. "ಮೊದಲು ಅಳ್ತಿದ್ಲು. ಅದಾದ್ರೂ ಎಷ್ಟೋ ವಾಸಿಯಾಗಿತ್ತು. ಈಗ ನನ್ನ ಜೊತೆ ಜಗಳಾನೂ ಆಡಲ್ಲ ಕಣೇ."

ಆ ಚಳಿಗಾಲದಲ್ಲಿ ಅಮ್ಮನಿಗೆ ಉಸಿರಾಟದ ತೊಂದರೆ ಶುರುವಾಯಿತು. ಆಸ್ಪತ್ರೆಗೆ ಸೇರಿಸಿದೆವು. ಮಂದಾ ಹಗಲು ಎತ್ತರದ ಟೇಬಲ್ಲಿನ ಮುಂದೆ ನಿಂತಿದ್ದು, ಸಂಜೆ ಆಸ್ಪತ್ರೆಗೆ ಬಂದು ಮಂಚದ ಪಕ್ಕ ನಿಲ್ಲುತ್ತಿದ್ದಳು. ಅಮ್ಮ ಆಮ್ಲಜನಕದ ಮುಖವಾಡವನ್ನು ಸರಿಸಿ, "ಕೂತ್ಕೊಳ್ಳೇ, ಕಾಲು ನೋಯಲ್ವಾ?" ಎಂದದ್ದು ನಾನು ಕೇಳಿದ ಅವಳ ಕೊನೆಯ ಮಾತು. ಮಾರನೆಯ ಬೆಳಿಗ್ಗೆ ಅಮ್ಮ ಹೋದಳು.

ಕ್ರಿಯೆ, ನೆಂಟರು, ಅಡುಗೆಯವರು ಎಲ್ಲವನ್ನೂ ನೋಡಿಕೊಳ್ಳುವವಳು ನಾನೊಬ್ಬಳೇ. ನನಗೆ ಅಳಲು ಪುರುಸೊತ್ತಾಗಲಿಲ್ಲ. ಪುರುಸೊತ್ತಾದಾಗ ಅಳು ಬರಲಿಲ್ಲ. ಅಡುಗೆಮನೆಯ ಹೊಸ್ತಿಲ ಪಕ್ಕ ಮಣೆ ಹಾಗೇ ಇತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅದರ ಮೇಲೆ ಕೂತು ನೋಡಿದೆ. ಬರೀ ಮರ. ಅಮ್ಮ ತನ್ನ ಮನಸ್ಸನ್ನು ಹೇಳಿದಂತೆಯೇ ತನ್ನ ಜೊತೆಗೇ ತೆಗೆದುಕೊಂಡು ಹೋಗಿದ್ದಳು.

ಮಂದಾ ಮತ್ತೆ ಆಫೀಸಿಗೆ ಹೋದಾಗ ಸಾತ್ವಿಕ್ ಬಾಗಿಲಿಗೇ ಬಂದು ಕೈ ಮುಗಿದನಂತೆ. "ನಿಮ್ಮ ದುಃಖ ನಮಗೆ ಅರ್ಥ ಆಗತ್ತೆ ಮೇಡಂ. ಯಾವ ಅವಸರಾನೂ ಇಲ್ಲ. ಎಷ್ಟು ದಿನ ಬೇಕಾದ್ರೂ ನಿಂತ್ಕೊಳ್ಳಿ" ಎಂದನಂತೆ. ಅವನು ವ್ಯಂಗ್ಯವಾಡಲಿಲ್ಲ, ಪಾಪ. ಅವನ ಮಟ್ಟಿಗೆ ಅದೇ ಸಾಂತ್ವನ. ಮಂದಾ ನಿಂತಳು. ವಾರಗಟ್ಟಲೆ ನಿಂತಳು. ಮೀನಖಂಡದ ನರಗಳು ನೀಲಿಯಾಗಿ ಉಬ್ಬಿದವು. ಬಿಡು ಎಂದು ನಾನು ಹೇಳಿದರೆ, "ಎಲ್ಲಿಗೆ ಹೋಗ್ಲಿ? ಮತ್ತೆ ಬೈಸ್ಕೊಳ್ಳೋಕಾ?" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಎತ್ತರದ ಟೇಬಲ್ಲಿನಿಂದ ಹೊರಟು, ಎಲ್ಲರ ನಡುವೆ ನಡೆದುಕೊಂಡು ಹೋಗಿ, ತನ್ನ ಕುರ್ಚಿಯಲ್ಲಿ ಕೂತುಬಿಟ್ಟಳು. ಯಾಕೆ ಕೂತೆ ಎಂದು ಆಮೇಲೆ ಕೇಳಿದಾಗ ಹೇಳಿದಳು, "ಅಮ್ಮ ಕೂತ್ಕೊಳ್ಳೇ ಅಂದಿದ್ಳಲ್ಲ ಅಕ್ಕ." ಕೂತವಳಿಗೆ ಅಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. ಸಂಜೆಯ ತನಕ ಅತ್ತಳು. ಸುತ್ತ ಇದ್ದವರು ಕೆಟ್ಟವರೇನಲ್ಲ. ಆದರೆ ಒಬ್ಬರೂ ಹತ್ತಿರ ಬರಲಿಲ್ಲ. ಬಂದು ಅವಳ ಬೆನ್ನು ಸವರಿದರೆ ಅವರ ಮನಸ್ಸೂ ಕಲಕಿ, ಅವರೂ ನಿಲ್ಲಬೇಕಾಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಪರದೆ ನೋಡುತ್ತ ಮನಸ್ಸನ್ನು ಖಾಲಿ ಇಟ್ಟುಕೊಂಡರು.

ನನಗೆ ಫೋನ್ ಬಂತು. ಹೋಗಿ ನೋಡಿದರೆ ಮಂದಾ ನೀಲಿ ಕಟ್ಟಡದ ಹೊರಗೆ ಫುಟ್‌ಪಾತಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿ ಹಗ್ಗ ಕಟ್ಟಿದ ಅವಳ ಕುರ್ಚಿ, ಅದರ ಮೇಲೆ ಒಂದು ಹೂಗುಚ್ಛ. ಕೆಟ್ಟ ಕುರ್ಚಿಯನ್ನು ಕೆಡಿಸಿದವರೇ ಒಯ್ಯಬೇಕು, ಅದು ಅವರ ನಿಯಮ. "ನಮಗೆ ಕೋಪ ಇಲ್ಲ ಮೇಡಂ, ಒಳ್ಳೇದಾಗ್ಲಿ" ಎಂದು ಸಾತ್ವಿಕ್ ಕೆಲಸದಿಂದ ಬಿಡಿಸಿ ಕಳಿಸಿಕೊಟ್ಟಿದ್ದ. ಪ್ಲಾಸ್ಟಿಕ್ ಹೊದಿಸಿದ ಕುರ್ಚಿ ಎಂದರೆ ಏನೆಂದು ಊರಿಗೆಲ್ಲ ಗೊತ್ತು, ಒಂದು ಆಟೋವೂ ನಿಲ್ಲಲಿಲ್ಲ. ಕುರ್ಚಿಗೆ ಚಕ್ರಗಳಿದ್ದವು. ಅಕ್ಕ ತಂಗಿ ಇಬ್ಬರೂ ಅದನ್ನು ತಳ್ಳಿಕೊಂಡು ಮಾರ್ಕೆಟ್ಟಿನ ನಡುವೆ ಮನೆಗೆ ಬಂದೆವು. ತರಕಾರಿಯವರು ಬುಟ್ಟಿಗಳನ್ನು ಸರಿಸಿ ದಾರಿ ಬಿಟ್ಟರು. ಹೂಗುಚ್ಛವನ್ನು ನಾನು ದಾರಿಯಲ್ಲಿ ಒಂದು ಹಸುವಿಗೆ ಹಾಕಿದೆ.

ಕೆಲವು ದಿನಗಳ ಮೇಲೆ ಮಂದಾ, "ಐಸ್ ಫ್ಯಾಕ್ಟರಿಗೆ ಹೋಗಿ ಬರೋಣ" ಎಂದಳು. ಅವಳ ತಲೆಯಲ್ಲಿ ಆ ಮಾತು ಕೊರೆಯುತ್ತಿತ್ತು. ಭಯವಿರಲಿಲ್ಲ, ಬರೀ ದುಃಖ. ನಾವು ಹೋದಾಗ ಸರ್ವಮಂಗಳಾ ಗುರುತು ಹಿಡಿದು ಎದ್ದು ಬಂದರು. ಗೋಡೆಯ ಪಕ್ಕದ ಆ ಹಳೆಯ ಕುರ್ಚಿಯಲ್ಲಿ ಫರ್ಹಾನಾ ಎಂಬ ಹುಡುಗಿ ಕೂತಿದ್ದಳು. ಮೇಡಂ ಜೊತೆ ಅಂದು ವಾದಿಸಿದವಳು ಅವಳೇ ಎಂದು ನೆನಪಾಯಿತು. ಮಂದಾ ಆ ಕುರ್ಚಿಯನ್ನೇ ನೋಡುತ್ತ ನಿಂತಳು. ಆಮೇಲೆ ಯಾರೂ ಕೇಳಬಾರದ್ದನ್ನು ಕೇಳಿದಳು.

"ಇದು ಯಾರದಾಗಿತ್ತು ಮೇಡಂ?"

ನಾನು ಅವಳ ತೋಳು ಹಿಡಿದು ಜಗ್ಗಿದೆ. ಸರ್ವಮಂಗಳಾ ಹಿಂದಿರುಗಿ ನೋಡಿದರು. ಮೂಲೆಯ ಟೇಬಲ್ಲಿನಿಂದ ನರೆಗಡ್ಡದ ಗಂಡಸೊಬ್ಬರು ಎದ್ದು ಬಂದರು.

"ನಂದೇ ಅಮ್ಮ" ಎಂದರು. "ಗುರುಶಾಂತ ಅಂತ ನನ್ನ ಹೆಸರು. ನನ್ನ ಮಗಳು ತೀರಿಕೊಂಡ್ಳು. ಮನೇಲಿ ಅಳೋ ಹಾಗಿರ್ಲಿಲ್ಲ, ನಾನು ಅತ್ರೆ ಹೆಂಡತಿ ಕುಸಿದುಹೋಗ್ತಿದ್ಲು. ಇಲ್ಲಿ ಬಂದು ಕೂತ್ಕೊಂಡು ಅಳ್ತಿದ್ದೆ. ದಿನಾ. ನನ್ನ ಕೆಲಸ ಇವರೆಲ್ಲ ಹಂಚ್ಕೊಂಡು ಮಾಡಿದ್ರು. ಟೀ ತಂದಿಡ್ತಿದ್ರು, ಆರಿದ್ರೆ ಬೇರೆ ತಂದಿಡ್ತಿದ್ರು. ಒಬ್ಬರೂ ಏಳು ಅನ್ಲಿಲ್ಲ. ಕೊನೆಗೊಂದು ದಿನ ನಂಗೇ ಏಳ್ಬೇಕು ಅನ್ನಿಸ್ತು, ಎದ್ದೆ. ಎದ್ದು ಆ ಮೂಲೆಗೆ ಹೋಗಿ ಕೂತೆ."

"ನಾವು ಬಂದಾಗ ನೀವು ಇಲ್ಲೇ ಇದ್ರಾ?"

"ಇದ್ದೆ. ನೀವು ಅತ್ತಿದ್ದೂ ನೋಡ್ದೆ. ಬಂದು ಹೇಳಿಬಿಡೋಣ ಅನ್ನಿಸ್ತು. ಆದ್ರೆ ನಮ್ಮೂರಲ್ಲಿ ಹೇಳೋ ಹಾಗಿಲ್ವಲ್ಲಮ್ಮ."

ಮಂದಾ ಗೋಡೆಗೆ ಕೈ ಊರಿದಳು. ಫರ್ಹಾನಾ ಎದ್ದು ಕುರ್ಚಿಯನ್ನು ಅವಳ ಹಿಂದಕ್ಕೆ ತಳ್ಳಿದಳು. "ಕೂತ್ಕೊಳ್ಳಿ. ಇದನ್ನ ಯಾರೂ ಒಪ್ಪಲಿಲ್ಲ ಅಂತ ನನ್ನ ಕುರ್ಚಿ ಹೊಸಬರಿಗೆ ಕೊಟ್ಟು ನಾನೇ ಇದಕ್ಕೆ ಬಂದೆ. ನಾನೂ ಮೊದಮೊದಲು ತುಂಬಾ ಅತ್ತೆ. ಈಗ ಅಭ್ಯಾಸ ಆಗಿದೆ" ಎಂದಳು. ಯಾರೋ ಟೀ ತಂದಿಟ್ಟರು. ಮಂದಾ ಕೂತಳು. ಒಂದು ಇಡೀ ಆಫೀಸು ತನ್ನ ಪಾಡಿಗೆ ಕೆಲಸ ಮಾಡುತ್ತ, ಅವಳನ್ನು ಅವಳ ಪಾಡಿಗೆ ಅಳಲು ಬಿಟ್ಟಿತು.

ಹೊರಡುವಾಗ ಸರ್ವಮಂಗಳಾ ಬಾಗಿಲ ತನಕ ಬಂದರು. ಈಗ ಜಾಗ ಇಲ್ಲ, ಹೊಸಬರನ್ನು ತೆಗೆದುಕೊಳ್ಳುವಷ್ಟು ಕೆಲಸವೂ ಬರುತ್ತಿಲ್ಲ, ಆದರೆ ಖಂಡಿತ ಹೇಳಿ ಕಳಿಸುತ್ತೇನೆ ಎಂದರು. ಇನ್ನೂ ಹೇಳಿ ಕಳಿಸಿಲ್ಲ. ಅಲ್ಲಿಂದ ಯಾರೂ ಬಿಟ್ಟು ಹೋಗುವುದಿಲ್ಲ, ಜಾಗ ಎಲ್ಲಿಂದ ಖಾಲಿಯಾಗಬೇಕು?

ಮಂದಾ ಈಗ ಇನ್ನೊಂದು ಕಡೆ ಕೆಲಸಕ್ಕೆ ಹೋಗುತ್ತಾಳೆ. ತೀರಾ ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಐಸ್ ಫ್ಯಾಕ್ಟರಿಯ ಮುಂದೆ ಬಸ್ಸು ಹಾದುಹೋಗುವಾಗ ಆಚೆ ಕಡೆಗೆ ಮುಖ ತಿರುಗಿಸಿಕೊಳ್ಳುತ್ತೇನೆ ಎಂದು ಅವಳೇ ಒಮ್ಮೆ ಹೇಳಿದಳು. ಯಾರ ಮೇಲೂ ಸಿಟ್ಟಿಲ್ಲವಂತೆ. ಸಿಟ್ಟಿದ್ದಿದ್ದರೆ ಎಷ್ಟೋ ಸುಲಭವಾಗಿರುತ್ತಿತ್ತು.

ನೀಲಿ ಕಟ್ಟಡದಿಂದ ತಳ್ಳಿಕೊಂಡು ಬಂದ ಕುರ್ಚಿ ನಮ್ಮ ನಡುಮನೆಯಲ್ಲಿ, ಪ್ಲಾಸ್ಟಿಕ್ಕಿನ ಸಮೇತ, ಬಹಳ ದಿನ ಹಾಗೇ ಇತ್ತು. ಗುಜರಿಯವನೂ ಅದನ್ನು ಒಯ್ಯಲು ಒಪ್ಪಲಿಲ್ಲ. ಮೊನ್ನೆ ಭಾನುವಾರ ಮಂದಾ ತರಕಾರಿ ತರಲು ಹೋದಾಗ ನಾನು ಹಗ್ಗ ಬಿಚ್ಚಿ, ಹೊದಿಕೆ ತೆಗೆದು ಕೂತೆ. ಅಮ್ಮನನ್ನು ಕಳೆದುಕೊಂಡ ದುಃಖ ಅಲ್ಲಿತ್ತು, ನನಗೆ ಇಷ್ಟು ದಿನ ಬಾರದಿದ್ದ ಅಳು ಬಂತು, ತಂಗಿಯ ಅಳುವನ್ನು ಕಡ ತೆಗೆದುಕೊಂಡು ನಾನು ನನ್ನ ಅಮ್ಮನಿಗಾಗಿ ಅತ್ತೆ. ಅಷ್ಟೇ ಇರುತ್ತದೆ ಎಂದುಕೊಂಡಿದ್ದೆ. ಆದರೆ ಅದರ ಜೊತೆಗೆ ಇನ್ನೊಂದಿತ್ತು. ಕಿವಿ ಹಿಂದಕ್ಕೆ ನೆಟ್ಟ, ಹೆಜ್ಜೆಯ ಸದ್ದಿಗೆ ಕಾಯುವ ಒಂದು ಕಾತರ. ಆ ಮಧ್ಯಾಹ್ನವೆಲ್ಲ ಅವಳು ಅಳುತ್ತ ಅಳುತ್ತಲೇ, ಯಾರಾದರೂ ಒಬ್ಬರು ಬಂದು ಪಕ್ಕದಲ್ಲಿ ನಿಲ್ಲುತ್ತಾರೇನೋ ಎಂದು ಕಾದಿದ್ದಳು. ಯಾರೂ ಬಂದಿರಲಿಲ್ಲ. ಆ ಕಾಯುವಿಕೆ ಕುರ್ಚಿಯಲ್ಲಿ ಹಾಗೇ ಉಳಿದಿತ್ತು.

ಮಂದಾ ಚೀಲ ಹಿಡಿದುಕೊಂಡು ಒಳಗೆ ಬಂದಾಗಲೂ ನಾನು ಕೂತೇ ಇದ್ದೆ. ಅವಳು ನನ್ನನ್ನೂ ಬಿಚ್ಚಿದ ಪ್ಲಾಸ್ಟಿಕ್ಕನ್ನೂ ನೋಡಿದಳು. ಚೀಲ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಎರಡು ಲೋಟ ಟೀ ತಂದಳು. ನಾನು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವಳು ಕೂತು, ಚಿಕ್ಕವಳಿದ್ದಾಗ ಕೇಳುತ್ತಿದ್ದ ದನಿಯಲ್ಲಿ ಕೇಳಿದಳು.

"ಅಕ್ಕ, ಏಳು ಅನ್ನಲ್ಲ ತಾನೇ?"

ನಾನು ಅಮ್ಮನ ಮಣೆಯನ್ನು ತಂದು ಆ ಕುರ್ಚಿಯ ಪಕ್ಕದಲ್ಲೇ ಹಾಕಿಕೊಂಡೆ.

"ಇಲ್ಲ ಕಣೇ, ಕೂತ್ಕೋ" ಎಂದೆ.